ಬ್ರೇಕ್ ಹಿಡೀತದಲ್ಲ, ಸಾಕು ಬಿಡು!

ಕಳೆದ ಸಲ ಬೈಕ್ ಚೈನಿನ ಬಗ್ಗೆ ಬರೆದಾಗ ಕೆಲವರು ‘ಬ್ರೇಕ್ ಬಗ್ಗೆ ಯಾವಾಗ ಬರೀತೀರಾ?’ ಅಂತ ಕೇಳಿದ್ದಿರಿ. ನಾನು ಸುಮ್ಮನಿದ್ದೆ. ಯಾಕಂದ್ರೆ ಬ್ರೇಕ್ ವಿಷಯದಲ್ಲಿ ನನ್ನ ದಾಖಲೆ ಅಷ್ಟು ಚೆನ್ನಾಗಿಲ್ಲ. ಇವತ್ತು ಅದನ್ನೇ ಹೇಳಿಬಿಡ್ತೀನಿ.

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂದಿತ್ತು. ಮೂರು ದಿನದ ರಜೆ. ಗುರುವಾರ ರಾತ್ರಿಯೇ ಬೆಂಗಳೂರು ಬಿಟ್ಟು, ಹಾಸನ, ಬೇಲೂರು ದಾಟಿ, ಮೂಡಿಗೆರೆ ಹತ್ತಿರ ಅಕ್ಕನ ಮನೆ ಸೇರಿದಾಗ ನಡುರಾತ್ರಿ ದಾಟಿತ್ತು. ಭಾವನದ್ದು ಸಣ್ಣ ಕಾಫಿ ತೋಟ. ಮೂರು ವರ್ಷದಿಂದ ಅದರ ಜೊತೆಗೊಂದು ಹೋಮ್‌ಸ್ಟೇ. ಹೋಮ್‌ಸ್ಟೇ ಜೊತೆಗೊಂದು ಎಟಿವಿ. ಅದೇ, ನಾಲ್ಕು ದಪ್ಪ ಚಕ್ರದ, ಬೈಕಿನ ಹ್ಯಾಂಡಲ್ ಇರುವ, ಕೆಸರಿನಲ್ಲಿ ಓಡುವ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಸ್ತೆಗೆ ಇಳಿಸೋ ಹಾಗಿಲ್ಲ, ತೋಟದೊಳಗೆ ಮಾತ್ರ. ಬಂದ ಅತಿಥಿಗಳಿಗೆ ಗುಡ್ಡದ ವ್ಯೂಪಾಯಿಂಟ್‌ವರೆಗೆ ಒಂದು ರೌಂಡಿಗೆ 400 ರೂಪಾಯಿ. ಮಳೆಗಾಲದ ವಾರಾಂತ್ಯದಲ್ಲಿ ಭಾವನ ಕೈಗೆ ನಗದು ಕಾಣಿಸೋದು ಅದರಿಂದಲೇ.

ಬೆಳಿಗ್ಗೆ ಆರೂವರೆಗೆ ಭಾವ ಕೀ ಕೊಟ್ಟು, “ಹತ್ತು ಗಂಟೆಗೆ ಎಂಟು ಜನ ಬರ್ತಾರೆ. ದಾರಿ ಹೆಂಗಿದೆ ನೋಡ್ಕೊಂಡು ಬಾ ಮಾರಾಯ, ರಾತ್ರಿ ಮಳೆ ಜೋರಿತ್ತು” ಅಂದ್ರು. ನನಗೂ ಅದೇ ಬೇಕಿತ್ತು.

ಹತ್ತೋದು ಸಲೀಸಾಗಿತ್ತು. ಇಳಿಯೋವಾಗ ಮಣ್ಣು ಜಾರ್ತಾ ಇತ್ತು. ಕಾಲಿನ ಪೆಡಲ್ ಒತ್ತಿದರೆ ಹಿಂದಿನ ಚಕ್ರ ಪಕ್ಕಕ್ಕೆ ಸರಿಯುತ್ತೆ ಅಂತ ಬಲಗೈಯ ಲಿವರನ್ನೇ, ಅಂದರೆ ಮುಂದಿನ ಬ್ರೇಕನ್ನೇ, ಉದ್ದಕ್ಕೂ ಹಿಡಿದುಕೊಂಡು ಇಳಿದೆ. ಮೂರನೇ ತಿರುವಿನಲ್ಲಿ ಲಿವರ್ ಸ್ವಲ್ಪ ಮೆತ್ತಗಾಯ್ತು. ನಾಲ್ಕನೇ ತಿರುವಿಗೆ ಬರುವಷ್ಟರಲ್ಲಿ ಅದು ಪೂರ್ತಿ ಒಳಗೆ ಹೋಗಿ ಹ್ಯಾಂಡಲ್ ಹಿಡಿಗೆ ತಾಗಿತು. ಒಳಗೆ ಏನೂ ಇಲ್ಲ. ಒದ್ದೆ ಸ್ಪಂಜು ಹಿಂಡಿದ ಹಾಗೆ.

ಎಡಕ್ಕೆ ಕಣಿವೆ, ಬಲಕ್ಕೆ ಮಣ್ಣಿನ ದಿಬ್ಬ. ಕಾಲಿನ ಪೆಡಲ್ ಒತ್ತಿ, ಲಿವರನ್ನ ಪಟಪಟ ಅಂತ ನಾಲ್ಕೈದು ಸಲ ಹಿಂಡಿ, ಗಾಡಿಯನ್ನ ದಿಬ್ಬಕ್ಕೆ ಒರಗಿಸಿದೆ. ಹೊಟ್ಟೆಯವರೆಗೆ ಕೆಸರು. ಕೈ ನಡುಗ್ತಾ ಇತ್ತು. ಬೇರೆ ಏನೂ ಆಗಲಿಲ್ಲ.

ನಿಜವಾದ ತಮಾಷೆ ಆಮೇಲೆ ಶುರುವಾಯ್ತು. ಇಪ್ಪತ್ತು ನಿಮಿಷ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಮತ್ತೆ ಲಿವರ್ ಹಿಡಿದು ನೋಡಿದರೆ, ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಹಾಗೆ. ನಿಧಾನಕ್ಕೆ ಮನೆಗೆ ತಂದೆ. ಭಾವ ಬಂದು ಎರಡು ಸಲ ಹಿಂಡಿ ನೋಡಿದ್ರು. “ಎಂತ ಆಗಿದೆ ಇದಕ್ಕೆ? ಬ್ರೇಕ್ ಹಿಡೀತದಲ್ಲ, ಸಾಕು ಬಿಡು. ನೀನು ಸಿಟಿಯವ, ಹೆದರಿದೀಯ ಅಷ್ಟೆ.”

ಆಫೀಸಿನಲ್ಲಿ ನಮಗೆಲ್ಲ ಗೊತ್ತಿರುವ ಸಂಕಟ ಇದು. ನಾನು ನೋಡಿದಾಗ ಬಂದ ಬಗ್, ಬೇರೆಯವರಿಗೆ ತೋರಿಸುವಾಗ ಬರೋದಿಲ್ಲ. ಆದರೆ ಈ ಬಗ್ ಯಾಕೆ ಮಾಯವಾಯ್ತು ಅಂತ ನನಗೆ ಗೊತ್ತಿತ್ತು. ಅದಕ್ಕಿಂತ ಕೆಟ್ಟ ವಿಷಯ ಅಂದ್ರೆ, ಹೋದ ದೀಪಾವಳಿಗೆ ಬಂದಿದ್ದಾಗ ಇದೇ ಗಾಡಿಯ ಬ್ರೇಕ್ ಡಬ್ಬಿಯಲ್ಲಿ ಲೆವೆಲ್ ಕಮ್ಮಿ ಇದ್ದದ್ದನ್ನ ನೋಡಿ, ಮೇಲಿಂದ ಒಂದಿಷ್ಟು ಸುರಿದು, “ಎಲ್ಲಾ ಓಕೆ ಭಾವ” ಅಂದವನು ನಾನೇ.

ಅದು ಎಣ್ಣೆ ಅಲ್ಲ

ಗ್ಯಾರೇಜಿನಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಅಂತಾರೆ. ಆದರೆ ಅದು ಎಣ್ಣೆ ಅಲ್ಲ. ನಮ್ಮ ಬೈಕು, ಕಾರು, ಎಟಿವಿಗಳಲ್ಲಿ ಸಾಮಾನ್ಯವಾಗಿ ಇರೋದು ಗ್ಲೈಕಾಲ್ ಜಾತಿಯ ದ್ರವ. ನೀರಿನಲ್ಲಿ ಕರಗುತ್ತೆ. ಲಿವರ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಈ ದ್ರವವನ್ನ ತಳ್ಳುತ್ತೆ, ದ್ರವ ಪೈಪಿನಲ್ಲಿ ಹೋಗಿ ಕ್ಯಾಲಿಪರ್ ಒಳಗಿನ ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲ್ ನಿಯಮವೇ. ಇಡೀ ವ್ಯವಸ್ಥೆ ಒಂದೇ ನಂಬಿಕೆಯ ಮೇಲೆ ನಿಂತಿದೆ: ದ್ರವವನ್ನ ಒತ್ತಿದರೆ ಅದು ಕುಗ್ಗೋದಿಲ್ಲ.

ಗಾಳಿ ಕುಗ್ಗುತ್ತೆ. ಆವಿಯೂ ಕುಗ್ಗುತ್ತೆ. ಪೈಪಿನೊಳಗೆ ಒಂದು ಗುಳ್ಳೆ ಇದ್ದರೂ ನಿಮ್ಮ ಬೆರಳಿನ ಬಲ ಮೊದಲು ಆ ಗುಳ್ಳೆಯನ್ನ ಹಿಂಡೋಕೆ ಖರ್ಚಾಗುತ್ತೆ.

ಈ ದ್ರವಕ್ಕೆ ಒಂದು ಸ್ವಭಾವ ಇದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಹಾಗೆ, ಗಾಳಿಯಲ್ಲಿರೋ ತೇವವನ್ನ ಎಳೆದುಕೊಳ್ಳುತ್ತೆ. ರಬ್ಬರ್ ಹೋಸ್ ಮೂಲಕ, ಸೀಲುಗಳ ಮೂಲಕ, ಮುಚ್ಚಳ ತೆಗೆದಾಗಲೆಲ್ಲ, ದಿನಾ ಒಂದು ಚೂರು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205ರಿಂದ 140ಕ್ಕೆ. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು 70 ಡಿಗ್ರಿಯಷ್ಟು ರಕ್ಷಣೆಯನ್ನ ತಿಂದುಹಾಕುತ್ತೆ.

ನನ್ನ ಗುಡ್ಡದ ಮೇಲೆ ಆಗಿದ್ದೂ ಅದೇ. ಉದ್ದಕ್ಕೂ ಬ್ರೇಕ್ ಹಿಡಿದಿದ್ದರಿಂದ ಡಿಸ್ಕ್ ಕಾಯ್ತು, ಪ್ಯಾಡ್ ಕಾಯ್ತು, ಶಾಖ ಪಿಸ್ಟನ್ ಮೂಲಕ ದ್ರವಕ್ಕೆ ಇಳಿಯಿತು. ನೀರು ಕುಡಿದಿದ್ದ ಹಳೇ ದ್ರವ ಕುದಿಯಿತು, ಗುಳ್ಳೆ ಆಯ್ತು, ಲಿವರ್ ಸ್ಪಂಜಾಯ್ತು. ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯ್ತು, ಲಿವರ್ ಗಟ್ಟಿಯಾಯ್ತು. ಸಾಕ್ಷಿ ನಾಶ!

ಇನ್ನೊಂದು ಕಾರಣವೂ ಇತ್ತು. ಈ ಎಟಿವಿಗೆ ಗೇರ್ ಇಲ್ಲ, ಸ್ಕೂಟರಿನ ಹಾಗೆ ಬೆಲ್ಟ್ ಮೇಲೆ ಓಡುವ ಸಿವಿಟಿ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ವೇಗ ತಗ್ಗಿದರೆ ಕ್ಲಚ್ ಬಿಟ್ಟುಕೊಳ್ಳುತ್ತೆ, ಆಮೇಲೆ ಎಂಜಿನ್ ಗಾಡಿಯನ್ನ ಹಿಡಿದುಕೊಳ್ಳೋದೇ ಇಲ್ಲ. ಬೈಕಿನಲ್ಲಿ ಫಸ್ಟ್ ಗೇರ್ ಹಾಕಿ ಇಳಿಯೋ ಹಾಗಿಲ್ಲ. ಇಡೀ ಗುಡ್ಡದ ಭಾರ ಬ್ರೇಕಿನ ಮೇಲೇ.

ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಲಿವರ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅನುಮಾನ ಪ್ಯಾಡ್ ಮೇಲೆ. ಲಿವರ್ ಮೆತ್ತಗಾಗಿ ಒಳಗೆ ಹೋದರೆ ಅನುಮಾನ ದ್ರವದ ಮೇಲೆ. ಎರಡರಲ್ಲೂ ಮೊದಲು ಮಾಡಬೇಕಾದ್ದು ಒಂದೇ, ಹೇಗಾದರೂ ನಿಲ್ಲಿಸಿ ತಣ್ಣಗಾಗೋಕೆ ಬಿಡೋದು. ‘ಈಗ ಸರಿಯಾಯ್ತು’ ಅಂತ ಮತ್ತೆ ಅದೇ ವೇಗದಲ್ಲಿ ಹೊರಡಬೇಡಿ.

ಭಾವನನ್ನ ಒಪ್ಪಿಸಿದ್ದು

ಇದನ್ನೆಲ್ಲ ಹೇಳಿದರೆ ಭಾವ ಕೇಳಲಿಲ್ಲ. ಅವರ ಲೆಕ್ಕವೂ ಸುಳ್ಳಲ್ಲ. ಎಂಟು ಜನ, ಮೂರು ದಿನ, ಸಾಲದ ಕಂತು. “ಇವತ್ತೊಂದು ದಿನ ಓಡಿಸೋಣ. ಸೋಮವಾರ ಮಾಡಿಸ್ತೀನಿ. ಮೂರು ವರ್ಷದಿಂದ ಏನೂ ಆಗಿಲ್ಲ.”

ನಾನು ಡಬ್ಬಿಯ ಮುಚ್ಚಳ ತೆಗೆದು ಸಿರಿಂಜಿನಲ್ಲಿ ಸ್ವಲ್ಪ ದ್ರವ ಎಳೆದು ಗಾಜಿನ ಲೋಟಕ್ಕೆ ಹಾಕಿ ತೋರಿಸಿದೆ. ಹೊಸದಾಗಿದ್ದರೆ ತಿಳಿ ಜೇನಿನ ಬಣ್ಣ ಇರಬೇಕು. ಇದು ಬೆಳಗಿನ ಡಿಕಾಕ್ಷನ್ ಥರ ಇತ್ತು. ಭಾವ ನೋಡಿ, “ಬಣ್ಣ ಬದಲಾದ್ರೆ ಎಂತ? ಎಂಜಿನ್ ಆಯಿಲ್ಲೂ ಕಪ್ಪಾಗ್ತದೆ” ಅಂದ್ರು.

ಒಂದು ಲೆಕ್ಕದಲ್ಲಿ ಅವರು ಸರಿ. ಬಣ್ಣ ನೋಡಿ ನೀರಿನ ಪ್ರಮಾಣ ಹೇಳೋಕೆ ಆಗಲ್ಲ. ತಿಳಿಯಾಗಿ ಕಾಣೋ ದ್ರವದಲ್ಲೂ ನೀರಿರಬಹುದು. ಆಗ ನನಗೆ ಹೊಳೆದದ್ದು ಅವರದ್ದೇ ಕಣ.

“ಭಾವ, ಕಾಫಿ ಒಣಗಿದೆಯೋ ಇಲ್ವೋ ಅಂತ ಹೇಗೆ ನೋಡ್ತೀರಾ?”

“ಮಾಯಿಶ್ಚರ್ ಮೀಟರ್ ಇಟ್ಟು.”

“ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ವಾ?”

“ಮೇಲೆ ಒಣಗಿದ ಹಾಗೇ ಕಾಣ್ತದೆ ಮಾರಾಯ. ಹತ್ತು ಹನ್ನೊಂದು ಪರ್ಸೆಂಟಿಗೆ ಬರ್ಬೇಕು. ಹದಿಮೂರು ಹದಿನಾಲ್ಕು ಇದ್ದದ್ದನ್ನ ಚೀಲಕ್ಕೆ ತುಂಬಿಟ್ರೆ ಬೂಷ್ಟು ಹಿಡಿದು...” ಅಂದವರು ಅಲ್ಲಿಗೇ ನಿಲ್ಲಿಸಿದ್ರು.

“ಚೀಲ ಕಟ್ಟೋ ದಿನ ಗೊತ್ತಾಗಲ್ಲ. ಆಮೇಲೆ ಗೊತ್ತಾಗತ್ತೆ. ಇದೂ ಹಾಗೇ” ಅಂದೆ.

ಅಕ್ಕ ಅಡುಗೆಮನೆಯಿಂದ ಎಲ್ಲಾ ಕೇಳಿಸಿಕೊಂಡಿದ್ದಳು. ಫೋನ್ ತಗೊಂಡು ಅತಿಥಿಗಳಿಗೆ ಅವಳೇ ಹೇಳಿದಳು, “ಇವತ್ತು ಎಟಿವಿ ಇಲ್ಲ, ರಿಪೇರಿ ಇದೆ. ಬೇಕಾದ್ರೆ ನಡೆದುಕೊಂಡು ಕರ್ಕೊಂಡು ಹೋಗ್ತಾರೆ.” ಆ ಕಡೆಯಿಂದ ಗೊಣಗಾಟ ಕೇಳಿಸಿತು. ಭಾವ ಏನೂ ಹೇಳದೆ ಬೈಕ್ ಹತ್ತಿ ಮೂಡಿಗೆರೆಗೆ ಹೊರಟರು. ಸ್ವಾತಂತ್ರ್ಯ ದಿನವಾದರೂ ಸ್ಪೇರ್ ಪಾರ್ಟ್ಸ್ ಅಂಗಡಿ ಮಧ್ಯಾಹ್ನದವರೆಗೆ ತೆಗೆದಿತ್ತು. ಸೀಲ್ ಒಡೆಯದ ಡಾಟ್ 4 ಬಾಟಲಿ, ಇನ್ನೂರು ಚಿಲ್ಲರೆ ರೂಪಾಯಿ.

ಯಾವ ದರ್ಜೆ ಅನ್ನೋದನ್ನ ಊಹಿಸಬೇಡಿ. ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ. ಡಾಟ್ 5 ಅನ್ನೋದು ಸಿಲಿಕೋನ್ ಜಾತಿ, ಗ್ಲೈಕಾಲ್ ಜೊತೆ ಬೆರೆಸೋ ಹಾಗಿಲ್ಲ. ಹೆಸರು ಹತ್ತಿರ ಇದ್ದರೂ ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದ್ದೇ. ಹೋದ ವರ್ಷ ತೆರೆದು ಅರ್ಧ ಉಳಿಸಿಟ್ಟ ಬಾಟಲಿ ಬಳಸಬೇಡಿ, ಅದೂ ಅಷ್ಟು ದಿನ ತೇವ ಕುಡಿದಿರುತ್ತೆ. ಎಂಜಿನ್ ಆಯಿಲ್ ಅಂತೂ ಹತ್ತಿರ ತರಬೇಡಿ. ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗ್ತವೆ.

ಕೆಲಸ ಶುರು

ತಗಡಿನ ಶೆಡ್ಡಿನ ಕೆಳಗೆ ಮೂರು ಜನ ಕೂತೆವು. ನಾನು ನೆಲದ ಮೇಲೆ ಸ್ಪ್ಯಾನರ್ ಹಿಡಿದು, ಭಾವ ಲಿವರ್ ಹತ್ತಿರ, ಹನ್ನೆರಡು ವರ್ಷದ ಸೊಸೆ ಪುಟ್ಟಿ ಡಬ್ಬಿಯ ಲೆವೆಲ್ ನೋಡೋಕೆ. ಪಾರದರ್ಶಕ ಪೈಪು ಅವಳದ್ದೇ, ಮೀನಿನ ತೊಟ್ಟಿಯ ಗಾಳಿ ಪಂಪಿನದ್ದು. ಹಳೇ ದ್ರವ ಹಿಡಿಯೋಕೆ ಅಕ್ಕನ ಖಾಲಿ ಉಪ್ಪಿನಕಾಯಿ ಬಾಟಲಿ. ಮೂವರಿಗೂ ಕನ್ನಡಕ, ನನಗೆ ಕೈಗವಸು. ಕಣ್ಣಿಗೆ ಹಾರಿದರೆ ಈ ದ್ರವ ಒಳ್ಳೆಯದಲ್ಲ.

ಮೊದಲು ತೊಳೆದೆ. ಮುಚ್ಚಳದ ಸುತ್ತ ಇರೋ ಒಂದು ಚೂರು ಕೆಸರು ಒಳಗೆ ಬಿದ್ದರೆ ಸೀಲಿಗೆ ಮರಳುಕಾಗದ ಉಜ್ಜಿದ ಹಾಗೆ. ಚೆನ್ನಾಗಿ ಒರೆಸಿ, ಸಮತಟ್ಟಿನ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನ ಜ್ಯಾಕ್ ಹಾಕಿ ಎತ್ತಿ, ಮರದ ದಿಮ್ಮಿ ಮೇಲೆ ಕೂರಿಸಿದೆ. ಮುಂದಿನ ಎರಡೂ ಚಕ್ರ ಬಿಚ್ಚಿದೆ. ಡಬ್ಬಿ ಸಮತಟ್ಟಾಗಿ ನಿಲ್ಲೋ ಹಾಗೆ ಹ್ಯಾಂಡಲ್ ತಿರುಗಿಸಿಟ್ಟು, ಕೆಳಗೆಲ್ಲ ಒದ್ದೆ ಬಟ್ಟೆ ಹಾಸಿದೆ. ಈ ದ್ರವ ಬಣ್ಣವನ್ನ ತಿನ್ನುತ್ತೆ. ಚೆಲ್ಲಿದರೆ ಒಣಬಟ್ಟೆಯಲ್ಲಿ ಉಜ್ಜುತ್ತಾ ಕೂರಬೇಡಿ, ತಕ್ಷಣ ಧಾರಾಳ ನೀರು ಹಾಕಿ ತೊಳೆಯಿರಿ.

ಇಲ್ಲಿ ನನ್ನ ದೀಪಾವಳಿಯ ತಪ್ಪು ಕಣ್ಣಿಗೆ ಬಿತ್ತು. ಪ್ಯಾಡ್‌ಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದವು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತೆ, ಆ ಜಾಗ ತುಂಬೋಕೆ ದ್ರವ ಕೆಳಗಿಳಿಯುತ್ತೆ, ಡಬ್ಬಿಯ ಲೆವೆಲ್ ತಗ್ಗುತ್ತೆ. ಅಂದರೆ ಲೆವೆಲ್ ಇಳಿದದ್ದು ಒಂದು ಸಂದೇಶ: ಪ್ಯಾಡ್ ನೋಡು, ಸೋರಿಕೆ ಇದೆಯಾ ನೋಡು. ನಾನು ಮೇಲಿಂದ ಸುರಿದು ಆ ಸಂದೇಶವನ್ನ ಅಳಿಸಿಹಾಕಿದ್ದೆ. ಅಷ್ಟೇ ಅಲ್ಲ, ಹೊಸ ದ್ರವದ ನಾಲ್ಕು ಹನಿ ಮೇಲೆ, ಹಳೇ ದ್ರವ ಎಲ್ಲಾ ಕೆಳಗೆ. ಕುದಿಯೋದು ಕೆಳಗೆ, ಕ್ಯಾಲಿಪರ್ ಹತ್ತಿರ. ಮೇಲೆ ಸುರಿದದ್ದು ಅಲ್ಲಿಗೆ ತಲುಪೋದೇ ಇಲ್ಲ.

ಇದನ್ನ ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಾ. ನೀನು ಓಕೆ ಅಂದಿದ್ದಿ ಅಂತ ನಾನು ಮತ್ತೆ ನೋಡ್ಲೇ ಇಲ್ಲ” ಅಂದ್ರು. ಬೈದಿದ್ದರೆ ವಾಸಿಯಿತ್ತು.

ಸಿರಿಂಜಿನಿಂದ ಡಬ್ಬಿಯ ಹಳೇ ದ್ರವ ತೆಗೆದು, ತಳದ ಕಪ್ಪು ಗಸಿಯನ್ನ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಹೊಸ ದ್ರವ ತುಂಬಿದೆ. ಈ ಮಧ್ಯೆ ಲಿವರ್ ಮುಟ್ಟಬಾರದು, ಮುಟ್ಟಿದರೆ ಗಾಳಿ ಒಳಗೆ ಹೋಗುತ್ತೆ. ಮಳೆಗಾಲದ ಗಾಳಿಯಲ್ಲೇ ತೇವ ತುಂಬಿರೋದ್ರಿಂದ ಬಾಟಲಿಯನ್ನ ಪ್ರತಿ ಸಲ ಮುಚ್ಚಿಡ್ತಾ ಇದ್ದೆ, ಡಬ್ಬಿಯ ಮೇಲೆ ಅದರ ಮುಚ್ಚಳವನ್ನ ಸುಮ್ಮನೆ ಒರಗಿಸಿಟ್ಟಿದ್ದೆ.

ಮಾಸ್ಟರ್ ಸಿಲಿಂಡರಿನಿಂದ ಯಾವ ಚಕ್ರದ ಪೈಪ್ ದೂರವೋ ಅದರಿಂದ ಶುರು ಮಾಡೋದು ವಾಡಿಕೆ. ನಮಗೆ ಅದು ಎಡಗಡೆಯದ್ದು. ಕ್ಯಾಲಿಪರಿನ ಮೇಲ್ಭಾಗದಲ್ಲಿ ಮೊಲೆತೊಟ್ಟಿನ ಆಕಾರದ ಸಣ್ಣ ಸ್ಕ್ರೂ ಇರುತ್ತೆ, ಬ್ಲೀಡ್ ನಿಪ್ಪಲ್. ಅದು ಮೇಲೇ ಯಾಕಿದೆ ಅಂದ್ರೆ ಗಾಳಿ ಮೇಲಕ್ಕೇ ಬರೋದು. ಮೊದಲು ರಿಂಗ್ ಸ್ಪ್ಯಾನರ್ ಕೂರಿಸಿ, ಆಮೇಲೆ ಪೈಪ್ ಸಿಕ್ಕಿಸಬೇಕು. ಪೈಪ್ ಮೊದಲು ಮೇಲಕ್ಕೆ ಏರಿ ಆಮೇಲೆ ಬಾಟಲಿಗೆ ಇಳಿಯಬೇಕು. ಬಾಟಲಿಯಲ್ಲಿರೋ ತುದಿ ದ್ರವದಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ವಾಪಸ್ ಬರುತ್ತೆ.

ಮುಂದಿನದೆಲ್ಲ ಮಾತಿನ ಆಟ.

“ಹಿಡೀರಿ.”

ಭಾವ ಎರಡು ಮೂರು ಸಲ ನಿಧಾನ ಒತ್ತಿ, ಹಿಡಿದುಕೊಂಡು, “ಹಿಡಿದೆ” ಅಂತಾರೆ. ನಾನು ನಿಪ್ಪಲ್ಲನ್ನ ಕಾಲು ಸುತ್ತು ಸಡಿಲಿಸ್ತೀನಿ. ಕಪ್ಪು ದ್ರವ ಪೈಪಿಗೆ ಬರುತ್ತೆ, ಲಿವರ್ ಹಿಡಿಯವರೆಗೆ ಇಳಿಯುತ್ತೆ. ಲಿವರ್ ಅಲ್ಲೇ ಇರೋವಾಗ ನಾನು ನಿಪ್ಪಲ್ ಮುಚ್ಚಿ “ಬಿಡಿ” ಅಂತೀನಿ. ಆಮೇಲೆ ಮಾತ್ರ ಅವರು ಬಿಡಬೇಕು. ಮುಚ್ಚೋಕೆ ಮೊದಲೇ ಬಿಟ್ಟರೆ, ಹೊರಗೆ ಹೋದದ್ದು ಗಾಳಿಯ ಸಮೇತ ವಾಪಸ್ ಒಳಗೆ. ಇಡೀ ಕೆಲಸದ ಗುಟ್ಟು ಇರೋದು ಈ ಎರಡು ಮಾತಿನ ಅನುಕ್ರಮದಲ್ಲಿ.

ಹತ್ತು ಹನ್ನೆರಡು ಸಲ ಆದ ಮೇಲೆ ಪೈಪಿನಲ್ಲಿ ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಹಳದಿ. ಅಷ್ಟರಲ್ಲಿ ಎಂಟು ಜನ ಅತಿಥಿಗಳ ಕಾರು ಬಂತು. ಪುಟ್ಟಿ ಗೇಟ್ ತೆಗೆಯೋಕೆ ಓಡಿದಳು. ನಾನೂ ಭಾವನೂ ‘ಹಿಡೀರಿ, ಬಿಡಿ’ಯಲ್ಲಿ ಮುಳುಗಿದ್ದೆವು. ಇದ್ದಕ್ಕಿದ್ದ ಹಾಗೆ ಪೈಪಿನಲ್ಲಿ ಗುಳುಗುಳು ಅಂತ ಗುಳ್ಳೆಗಳ ಸಾಲು. ಡಬ್ಬಿ ಖಾಲಿ! ಮೇಲಿಂದ ಗಾಳಿ ಎಳೆದುಕೊಂಡಿತ್ತು. ಒಂದು ಗಂಟೆಯ ಕೆಲಸ ಮತ್ತೆ ಮೊದಲಿನಿಂದ. ಪುಟ್ಟಿಗೆ ಅಳು ಬಂತು. ತಪ್ಪು ಅವಳದ್ದಲ್ಲ. ಪ್ರತಿ ಐದು ಸಲಕ್ಕೊಮ್ಮೆ ನಿಲ್ಲಿಸಿ ಮೇಲೆ ನೋಡೋ ಜವಾಬ್ದಾರಿ ಸ್ಪ್ಯಾನರ್ ಹಿಡಿದವನದ್ದು. ಈ ಕೆಲಸ ಮೊದಲ ಸಲ ಮಾಡೋರು ಸಾಮಾನ್ಯವಾಗಿ ಮಾಡೋ ತಪ್ಪು ಇದೇ, ಹತ್ತನೇ ಸಲ ಮಾಡೋನೂ ಮಾಡಿದೆ.

ಎರಡನೇ ಸುತ್ತಿನಲ್ಲಿ ಪುಟ್ಟಿ ಕಣ್ಣು ಮಿಟುಕಿಸದೆ ನಿಂತಿದ್ದಳು. “ಮಾಮ, ಕೆಳಗಿನ ಗೆರೆ ಬಂತು. ಹಾಕು!” ಎಡ ಚಕ್ರ ಮುಗಿಸಿ ಬಲ ಚಕ್ರ, ಆಮೇಲೆ ಕಾಲಿನ ಪೆಡಲಿಗೆ ಸೇರಿದ ಹಿಂದಿನ ಒಂದೇ ಡಿಸ್ಕ್. ಅದಕ್ಕೆ ಡಬ್ಬಿ ಬೇರೆ, ವಿಧಾನ ಅದೇ. ಅತಿಥಿಗಳಲ್ಲಿ ಒಬ್ಬರು ಮೊದಲು ಮುಖ ಗಂಟು ಹಾಕಿಕೊಂಡಿದ್ದವರು, ಆಮೇಲೆ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲೇ ಕೂತು, “ನನ್ನ ಬೈಕಿಗೆ ನಾಲ್ಕು ವರ್ಷ ಆಯ್ತು, ಇದನ್ನ ಯಾರೂ ಮಾಡೇ ಇಲ್ಲ” ಅಂದ್ರು.

ಮುಗಿಸೋವಾಗ ಗಮನಿಸಬೇಕಾದ್ದು ಕೆಲವಿದೆ. ನಿಪ್ಪಲ್ ಒಳಗೆ ಟೊಳ್ಳು, ಜೋರು ತೋರಿಸಿದರೆ ಮುರಿಯುತ್ತೆ, ಹಿತವಾಗಿ ಬಿಗಿ ಮಾಡಿ. ಅದರ ತಲೆಗೊಂದು ರಬ್ಬರ್ ಟೋಪಿ ಇರುತ್ತೆ, ಎಟಿವಿಯಲ್ಲಿ ಅದು ಕಳೆದುಹೋದರೆ ಕೆಸರು ಸೇರಿ ಮುಂದಿನ ಸಲ ರಂಧ್ರವೇ ಮುಚ್ಚಿರುತ್ತೆ. ಡಬ್ಬಿಯನ್ನ ಮೇಲಿನ ಗೆರೆ ದಾಟಿಸಬೇಡಿ, ಕಾದಾಗ ದ್ರವ ಹಿಗ್ಗೋಕೆ ಜಾಗ ಬೇಕು. ಮುಚ್ಚಳದೊಳಗಿನ ರಬ್ಬರ್ ಪೊರೆ ಮಡಿಚಿಕೊಳ್ಳದೆ ಸರಿಯಾಗಿ ಕೂತಿದೆಯಾ ನೋಡಿ. ಡಿಸ್ಕ್, ಪ್ಯಾಡ್ ಮೇಲೆ ಒಂದು ಹನಿಯೂ ಬಿದ್ದಿರಬಾರದು.

ಆಮೇಲೆ ಲಿವರನ್ನ ಗಟ್ಟಿಯಾಗಿ ಒಂದು ನಿಮಿಷ ಹಿಡಿದಿರಿ. ನಿಂತಲ್ಲೇ ನಿಂತರೆ ಸರಿ. ನಿಧಾನಕ್ಕೆ ಒಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಅಂಥ ಗಾಡಿ ಓಡಿಸಬಾರದು, ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು.

ಭಾವ ಹಿಡಿದರು. ಬೆಳಿಗ್ಗೆ ‘ಹಿಡೀತದಲ್ಲ’ ಅಂದಿದ್ದ ಅದೇ ಲಿವರ್. ಬೆಳಿಗ್ಗೆ ಅದು ಅರ್ಧ ದಾರಿ ಹೋಗಿ ನಿಲ್ತಾ ಇತ್ತು. ಈಗ ಎರಡು ಬೆರಳಿನಷ್ಟು ಹೋಗಿ ಕಲ್ಲಿನ ಹಾಗೆ ನಿಂತಿತು. ಅವರು ಮತ್ತೆ ಮತ್ತೆ ಹಿಂಡಿ ನೋಡಿದ್ರು. “ಇದು ಹಿಂಗಿರ್ಬೇಕಿತ್ತಾ?” ಅಂದ್ರು. ದಿನಾ ಒಂದು ಕೂದಲೆಳೆ ಮೆತ್ತಗಾಗೋದನ್ನ ಕೈ ಗುರುತು ಹಿಡಿಯೋದಿಲ್ಲ. ಕೈ ಅದಕ್ಕೇ ಹೊಂದಿಕೊಂಡುಬಿಡುತ್ತೆ.

ಮೊದಲ ಪರೀಕ್ಷೆ ಅಂಗಳದಲ್ಲಿ, ನಡೆಯೋ ವೇಗದಲ್ಲಿ. ಆಮೇಲೆ ಸಣ್ಣ ಇಳಿಜಾರು. ಶನಿವಾರ ಬೆಳಿಗ್ಗೆ ಹೊಸ ಪ್ಯಾಡ್ ತಂದು ಹಾಕಿದ ಮೇಲೆಯೇ ಗುಡ್ಡ. ಹೊಸ ಪ್ಯಾಡ್ ಹಾಕೋವಾಗ ಪಿಸ್ಟನ್ ಒಳಗೆ ತಳ್ಳಬೇಕು, ಆಗ ಡಬ್ಬಿಯ ಲೆವೆಲ್ ಮೇಲೇರಿ ಉಕ್ಕುತ್ತೆ. ಹಿಂದಿನ ದಿನ ತುಂಬಿದ್ದ ದ್ರವವನ್ನ ಸಿರಿಂಜಿನಲ್ಲಿ ವಾಪಸ್ ತೆಗೆಯಬೇಕಾಯ್ತು. ಪ್ಯಾಡ್ ಬದಲಿಸೋದಿದ್ದರೆ ಅದನ್ನ ಮೊದಲು ಮಾಡಿ, ಆಮೇಲೆ ದ್ರವ. ನಮ್ಮ ಹಾಗೆ ಉಲ್ಟಾ ಮಾಡಬೇಡಿ.

ಹಳೇ ದ್ರವ ಉಪ್ಪಿನಕಾಯಿ ಬಾಟಲಿಯಲ್ಲಿ ಉಳಿಯಿತು. ಭಾವ ಅದನ್ನ ತೋಟದ ಅಂಚಿಗೆ ಚೆಲ್ಲೋಕೆ ಹೊರಟಿದ್ದರು. ಮಣ್ಣಿಗೂ ಹಳ್ಳಕ್ಕೂ ಅದು ವಿಷ. ಮುಚ್ಚಳ ಬಿಗಿ ಮಾಡಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ ಬೇರೆಯಾಗಿಯೇ ಕೊಟ್ಟೆವು. ಉಪ್ಪಿನಕಾಯಿ ಬಾಟಲಿ ಅಂತ ಯಾರೂ ಬಾಯಿ ಹಾಕಬಾರದಲ್ಲ.

ಶುಕ್ರವಾರದ ರೌಂಡುಗಳ ದುಡ್ಡು ಹೋಯ್ತು. ಶನಿವಾರ ಎಂಟರಲ್ಲಿ ಐದೇ ಜನ ಹತ್ತಿದರು. ನಷ್ಟ ನಷ್ಟವೇ, ಅದನ್ನ ಅನುಭವ ಅಂತೆಲ್ಲ ಕರೆದು ಭಾವನನ್ನ ಸಮಾಧಾನ ಮಾಡೋಕೆ ನಾನು ಹೋಗಲಿಲ್ಲ. ಆದರೆ ಅವರೇ ಎರಡು ನಿಯಮ ಮಾಡಿದರು. ಒಂದು ರೌಂಡಿಗೂ ಇನ್ನೊಂದಕ್ಕೂ ನಡುವೆ ಹದಿನೈದು ನಿಮಿಷ ಬಿಡುವು. ಇಳಿಯೋವಾಗ ಬ್ರೇಕನ್ನ ಉದ್ದಕ್ಕೂ ಹಿಡಿದುಕೊಳ್ಳದೆ, ಹಿಡಿದು ವೇಗ ತಗ್ಗಿಸಿ, ಬಿಟ್ಟು, ಮತ್ತೆ ಹಿಡಿಯೋದನ್ನ ಎಲ್ಲರಿಗೂ ಮೊದಲೇ ಅಂಗಳದಲ್ಲಿ ಕಲಿಸೋದು. ಪುಟ್ಟಿ ಡಬ್ಬಿಯ ಪಕ್ಕ ಬಿಳಿ ಟೇಪ್ ಅಂಟಿಸಿ ‘15-8-2025’ ಅಂತ ಬರೆದಳು.

ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ, ಭಾವ ಫೋನ್ ಮಾಡಿದ್ದರು. “ಲೆವೆಲ್ ಸ್ವಲ್ಪ ಇಳಿದಿದೆ ಕಣೋ. ಸುರೀಲಿಲ್ಲ ನಾನು. ಪ್ಯಾಡ್ ನೋಡಿದೆ, ಸೋರಿಕೆ ನೋಡಿದೆ. ಪ್ಯಾಡ್ ಅಷ್ಟೇ ಸವೆದಿರೋದು.”

ಇನ್ನು ನಿಮ್ಮ ಗಾಡಿ

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಎಟಿವಿ ಇಲ್ಲ. ಆದರೆ ಡಿಸ್ಕ್ ಬ್ರೇಕಿನ ಸ್ಕೂಟರ್ ಇರಬಹುದು. ಅದೂ ಸಿವಿಟಿಯೇ. ಸೂರ್ಯೋದಯ ನೋಡೋಕೆ ಅಂತ ನಂದಿಬೆಟ್ಟಕ್ಕೆ ಇಬ್ಬರು ಹೋಗಿ, ಇಳಿಯೋವಾಗ ಮೇಲಿಂದ ಕೆಳಗಿನವರೆಗೂ ಬ್ರೇಕ್ ಹಿಡಿದುಕೊಂಡೇ ಬರ್ತೀರಲ್ಲ, ನನ್ನ ಗುಡ್ಡಕ್ಕೂ ಅದಕ್ಕೂ ವ್ಯತ್ಯಾಸ ಕಮ್ಮಿ. ಚಾರ್ಮಾಡಿ, ಆಗುಂಬೆ ಇಳಿಯೋ ಬೈಕಿನವರು ಗೇರ್ ತಗ್ಗಿಸಿ ಇಳಿಯಿರಿ, ಬ್ರೇಕಿಗೆ ಉಸಿರಾಡೋಕೆ ಬಿಡಿ. ಬಹಳಷ್ಟು ಗಾಡಿಗಳ ಕೈಪಿಡಿಯಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಿಸಿ ಅಂತಿರುತ್ತೆ. ಕಿಲೋಮೀಟರ್ ಎಷ್ಟೇ ಓಡಿರಲಿ, ಇದು ಕ್ಯಾಲೆಂಡರ್ ಲೆಕ್ಕ. ನಿಂತಲ್ಲೇ ನಿಂತ ಗಾಡಿಯ ದ್ರವವೂ ತೇವ ಕುಡೀತಾನೇ ಇರುತ್ತೆ. ಎಬಿಎಸ್ ಇರೋ ಗಾಡಿಯಾದರೆ ಅದರ ಯೂನಿಟ್ ಒಳಗೆ ಗಾಳಿ ಸಿಕ್ಕಿಕೊಂಡರೆ ಮನೆಯಲ್ಲಿ ತೆಗೆಯೋದು ಕಷ್ಟ, ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ. ಬಿಲ್ಲಿನಲ್ಲಿ ‘ಟಾಪ್ ಅಪ್’ ಅಂತಿದೆಯೋ ‘ಬದಲಾವಣೆ’ ಅಂತಿದೆಯೋ ಓದಿ ನೋಡಿ.

ಆ ಭಾನುವಾರ ರಾತ್ರಿ ಬೆಂಗಳೂರಿಗೆ ಬಂದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಸ್ಕೂಟರಿನ ಮುಂದೆ ಕೂತು ಫೋನಿನ ಟಾರ್ಚ್ ಹಾಕಿದೆ. ಬ್ರೇಕ್ ಡಬ್ಬಿಗೆ ಒಂದು ಸಣ್ಣ ಗಾಜಿನ ಕಿಟಕಿ ಇರುತ್ತೆ. ಲೆವೆಲ್ ಸರಿಯಾಗಿತ್ತು. ಬಣ್ಣ ಡಿಕಾಕ್ಷನ್. ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಯೋಚಿಸಿದೆ. ನೆನಪಾಗಲಿಲ್ಲ, ಯಾಕಂದ್ರೆ ಬದಲಿಸಿಯೇ ಇರಲಿಲ್ಲ.

ಭಾವನ ಬಾಟಲಿಯಿಂದ ಉಳಿದದ್ದನ್ನ ತರ್ತೀನಿ ಅಂದುಕೊಂಡಿದ್ದೆ, ತೆರೆದ ಬಾಟಲಿ ಅಂತ ಅಲ್ಲೇ ಬಿಟ್ಟು ಬಂದಿದ್ದೆ. ಮರುದಿನ ಕ್ಯಾಬಿನಲ್ಲಿ ಆಫೀಸಿಗೆ ಹೋದೆ. ಸಂಜೆ ಹೊಸ ಬಾಟಲಿ ತಂದೆ.